ರುದ್ರಪ್ಪನವರು ಕೇಳಿದ ಮಿಷಿನ್ ಗನ್ನು

ತರೀಕೆರೆ ತಾಲ್ಲೂಕು ಆಫೀಸಿನಲ್ಲಿ ಬಂದೂಕಿನ ಲೈಸೆನ್ಸ್ ಫೈಲುಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತಿದ್ದ ಕಾಲ. ಒಂದು ದಿನ ಅಮೃತಾಪುರದ ಕಡೆಯ ರೈತ ರುದ್ರಪ್ಪನವರು ಹಣೆತುಂಬ ವಿಭೂತಿ ಬಳಿದುಕೊಂಡು, ಹಳೇ ಕೇಪಿನ ಕೋವಿ ಹೊತ್ತು ನವೀಕರಣಕ್ಕೆ ಬಂದರು. ಕೋವಿಯನ್ನು ಮೇಜಿನ ಮೇಲಿಟ್ಟವರೇ, "ಇದು ಸಾಕಾಗಲ್ಲ ಸ್ವಾಮಿ. ನಾನು ಮದ್ದು ತುಂಬೋದ್ರೊಳಗೆ ಹಂದಿಗಳು ಅರ್ಧ ಕಡ್ಲೇಕಾಯಿ ಹೊಲ ಮುಗ್ಸಿರ್ತವೆ. ಮಿಲ್ಟ್ರಿಯೋರ ಹತ್ರ ಇರುತ್ತಲ್ಲ, ಆ ಮಿಷಿನ್ ಗನ್ನಿಗೆ ಬರ್ಕೊಡಿ" ಅಂದರು.

ನನಗೆ ರೇಗಿತು. "ಅದನ್ನ ಅಮಲ್ದಾರ್ರೂ ಕೊಡಂಗಿಲ್ಲ, ಡೀಸಿನೂ ಕೊಡಂಗಿಲ್ಲ ಯಜಮಾನ್ರೇ. ದೆಹಲಿ ಸರ್ಕಾರದ ಅಪ್ಪಣೆನೇ ಬೇಕು. ಅಷ್ಟೊಂದು ಹಂದಿ ಕೊಂದು ಏನ್ಮಾಡ್ತೀರಿ?"

ಅವರು ಕಿವಿ ಮುಚ್ಚಿಕೊಂಡರು. "ಶಿವಶಿವಾ! ಲಿಂಗ ಕಟ್ಕಂಡೋನು ಕೊಲ್ತೀನಾ? ಇಪ್ಪತ್ತು ವರ್ಷದಿಂದ ಇದಕ್ಕೆ ಗುಂಡೇ ಹಾಕಿಲ್ಲ, ಬರೀ ಮದ್ದು. ನಂಗೆ ಬೇಕಾಗಿರೋದು ಸದ್ದು ಕಣ್ರೀ, ಬಿಡದಂಗೆ ಸದ್ದು!"

ನಗು ತಡೆದುಕೊಂಡು, "ಉದ್ದನೆಯ ಪಟಾಕಿ ಸರ ಹಚ್ಚಿ ನೋಡಿ ಯಜಮಾನ್ರೇ, ಅದಕ್ಕೆ ದೆಹಲಿಯ ತನಕ ಹೋಗೋದು ಬೇಡ" ಅಂದೆ.

ಮುಂದಿನ ನವೀಕರಣಕ್ಕೆ ಬಂದವರು ಮೊದಲು ನನ್ನ ಮೇಜಿನ ಮೇಲೆ ಒಂದು ಬೊಗಸೆ ಕಡ್ಲೇಕಾಯಿ ಸುರಿದರು. ಹಂದಿಗಳು ಆ ಹೊಲದ ಕಡೆ ತಲೆಯೇ ಹಾಕಿಲ್ಲವಂತೆ.

"ಹಂಗಾದ್ರೆ ಈ ಕೋವಿ ಇನ್ಯಾಕೆ? ವಾಪಸ್ ಕೊಟ್ಬಿಡಿ" ಅಂದೆ.

ರುದ್ರಪ್ಪನವರು ನನ್ನನ್ನೇ ಪಾಪ ಅನ್ನೋ ಹಾಗೆ ನೋಡಿದರು. "ಆಯುಧಪೂಜೆಗೆ ಏನಿಡ್ಲಿ ಸ್ವಾಮಿ, ಪಟಾಕಿನಾ?"

ಅರ್ಜಿಯಲ್ಲಿ ಕಾರಣ ಅನ್ನುವ ಕಡೆ ನಾನು 'ಬೆಳೆ ರಕ್ಷಣೆ' ಅಂತಲೇ ಬರೆದೆ. ಕಡ್ಲೇಕಾಯಿ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು.