ಎರಡೇ ಗಂಟೆ ದೂರದ ಬಾಗಿನ

ಸಿಯಾಟಲ್‌ನಿಂದ ಅಕ್ಕನ ಊರು ಸ್ಯಾನ್ ಹೋಸೆಗೆ ವಿಮಾನದಲ್ಲಿ ಎರಡು ಗಂಟೆ. ಅಕ್ಕ ಮಾತ್ರ ಯಾವಾಗಲೂ "ಎರಡೇ ಗಂಟೆ" ಅನ್ನುತ್ತಾಳೆ. "ಎರಡೇ ಗಂಟೆ ಕಣೇ, ಬೇಕಾದಾಗ ಹತ್ಕೊಂಡು ಬಂದ್ಬಿಡಬಹುದು." ಬೇಕಾದಾಗ ಬರಬಹುದಾದ್ದರಿಂದಲೋ ಏನೋ, ವರ್ಷಗಳಿಂದ ಅವಳು ಬಂದಿಲ್ಲ.

ಅಮ್ಮ ಹಾಗಲ್ಲ. ಒಂದು ಗೌರಿ ಹಬ್ಬಕ್ಕೆ ಮೈಸೂರಿನಿಂದ ಹೊರಟು, ಎರಡು ಕಡೆ ವಿಮಾನ ಬದಲಿಸಿ, ಊದಿದ ಪಾದಗಳಲ್ಲಿ ಬಂದಿಳಿದಿದ್ದಳು. ಸೂಟ್‌ಕೇಸಿನಲ್ಲಿ ಹಳೆಯ ಸೀರೆ ಸುತ್ತಿದ ಎರಡು ಜೊತೆ ಮೊರ. "ತವರಿನ ಬಾಗಿನ ಯಾರಾದ್ರೂ ಕೊರಿಯರ್‌ನಲ್ಲಿ ಕಳಿಸ್ತಾರೇನೇ?" ಎಂದಿದ್ದಳು.

ಅಮ್ಮ ತೀರಿಹೋದಳು. ಅಣ್ಣತಮ್ಮಂದಿರಿಲ್ಲ. ಈಗ ನನಗೆ ತವರು ಅಂದರೆ ಅಕ್ಕನೇ.

ಈ ಸಲದ ಹಬ್ಬಕ್ಕೂ ಅವಳ ಫೋನು ಬಂತು. "ಆಗ್ಲಿಲ್ಲ ಕಣೇ. ಆಫೀಸಲ್ಲಿ ಉಸಿರಾಡಕ್ಕೂ ಪುರುಸೊತ್ತಿಲ್ಲ. ಪಕ್ಷ ಹಿಡಿಯೋದ್ರೊಳಗೆ ಬಂದು ಕೊಡ್ತೀನಿ."

"ಆಗಲಿ ಅಕ್ಕ. ಆರಾಮಾಗಿ ಬಾ."

ಏನನ್ನೇ ಆದರೂ ಒಂದು ಸಲ ಕೇಳಬೇಕು, ಎರಡನೇ ಸಲ ಕೇಳಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಆ ಶಿಸ್ತು ಇನ್ನೂ ಗಂಟಲಲ್ಲಿ ಕೂತಿದೆ.

ಪಿತೃಪಕ್ಷ ಹತ್ತಿರ ಬಂತು. ಅಕ್ಕ ಬರಲಿಲ್ಲ. ಡಿಶ್‌ವಾಶರ್‌ನಿಂದ ತೆಗೆದ ಲೋಟವನ್ನೇ ನಾನು ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ನೋಡಿ ಮಗಳು ಫೋನಿನಿಂದ ತಲೆಯೆತ್ತಿದಳು. "ಯೂ ಗೋ ನಾ, ಅಮ್ಮಾ. ಇಟ್ಸ್ ಓನ್ಲಿ ಟೂ ಅವರ್ಸ್."

ಬಾಗಿನ ಕೊಡು ಎಂದು ಹೋಗಿ ಕೇಳಲಾದೀತೇ? ಕೊಡಲು ಹೋಗಬಹುದು. ಅಮ್ಮ ತಂದಿದ್ದ ಮೊರಗಳಿಗೆ ಅರಿಶಿನ ಬಳಿದು ಒಣಗಿಸಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಅಕ್ಕನಿಗಿಷ್ಟದ ಹಸಿರು ರವಿಕೆ ಕಣ ತುಂಬಿದೆ.

"ತಗೋಬೇಕಾದೋಳೇ ಕೊಡಕ್ಕೆ ಹೊರಟಿದೀಯಲ್ಲೇ" ಎಂದು ಇವರು ನಕ್ಕರು. ನಾನೂ ನಕ್ಕೆ.

ಏರ್‌ಪೋರ್ಟಿನ ತಪಾಸಣೆಯಲ್ಲಿ ಒಬ್ಬಾತ ದಾರ ಬಿಚ್ಚಿ ಮೊರ ತೆರೆದ. ಬಿಚ್ಚೋಲೆಯನ್ನು ಗ್ಲೌಸಿನ ಅಂಗೈಯಲ್ಲಿಟ್ಟು ನೋಡಿ, ಎಲ್ಲಿತ್ತೋ ಅಲ್ಲೇ ಇಟ್ಟ. ಯಾರಿಗೆ ಎಂದು ಕೇಳಿದ. ಅಕ್ಕನಿಗೆ ಎಂದೆ. ದಾರ ಮತ್ತೆ ಕಟ್ಟಲು ಅವನಿಗೆ ಬರಲಿಲ್ಲ. ನಾನೇ ಕಟ್ಟಿಕೊಂಡೆ.

ವಿಮಾನದಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಳ್ಳಲು ಬಿಡಲಿಲ್ಲ. ಮುಂದಿನ ಸೀಟಿನ ಕೆಳಗಿಟ್ಟು, ಕಾಲು ತಾಕದಂತೆ ಪಾದಗಳನ್ನು ಹಿಂದಕ್ಕೆಳೆದುಕೊಂಡು ಕೂತೆ. ಪಕ್ಕದವರು ನಿದ್ದೆ ಹೋದರು. ಬರುತ್ತೇನೆಂದು ಅಕ್ಕನಿಗೆ ಹೇಳಿರಲಿಲ್ಲ. ಹೇಳಿದ್ದರೆ, ನಾನೇ ಬರ್ತೀನಿ ತಡಿಯೇ ಅನ್ನುತ್ತಿದ್ದಳು.

ಅವಳು ಬಾಗಿಲು ತೆರೆದಾಗ ಏನೆನ್ನಲಿ? ಸುಮ್ನೆ ಬಂದೆ ಅಂದರೆ ಸುಳ್ಳು. ಬಾಗಿನ ಕೊಡಕ್ಕೆ ಬಂದೆ ಅಂದರೆ ಆಕ್ಷೇಪಣೆಯಂತೆ ಕೇಳಿಸುತ್ತದೆ. ನಿನ್ನ ನೋಡ್ಬೇಕು ಅನ್ನಿಸ್ತು ಅನ್ನೋಣವೆಂದರೆ, ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹಾಗೆ ಹೇಳಿದ್ದೇ ಇಲ್ಲ. ಒಂದೊಂದನ್ನೂ ತುಟಿಯಲ್ಲೇ ಹೇಳಿ ನೋಡಿದೆ. ಕಿಟಕಿಯ ಕೆಳಗೆ ಕೊಲ್ಲಿಯ ಉಪ್ಪಿನ ಕೊಳಗಳು ಕೆಂಪಗೆ ಕಂಡವು, ಚಕ್ರ ನೆಲ ಮುಟ್ಟಿತು.

ಎರಡು ಗಂಟೆ ಸಾಲಲಿಲ್ಲ.