ಭಟ್ಟರು ತೊಳೆದು ಕೊಟ್ಟ ಭರಣಿ

ಸೊಳ್ಳೆ ಮೊದಲು ಭಟ್ಟರನ್ನು ಕಚ್ಚಿ ಆಮೇಲೆ ನನ್ನನ್ನು ಕಚ್ಚಬಹುದಿತ್ತು. ಅವರು ಕುಡಿದ ಲೋಟ ನಮ್ಮ ಲೋಟಗಳೊಂದಿಗೆ ಸೇರಿಹೋಗಬಹುದಿತ್ತು. ಸೊಸೈಟಿಯವರಿಗೆ ಗೊತ್ತಾಗಿ ಲಿಫ್ಟಿನಲ್ಲಿ ನಮ್ಮ ಜೊತೆ ಯಾರೂ ನಿಲ್ಲದೆ ಹೋಗಬಹುದಿತ್ತು. ಮಗಳ ಮದುವೆ ಮುರಿಯಬಹುದಿತ್ತು. ಆಗ ಅವಳಿಗೆ ಹದಿನಾಲ್ಕು ವರ್ಷ, ಆದರೂ...

ಮೊನ್ನೆ ವರ್ತಕ ನಗರದ ಮನೆಯನ್ನು, ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿಗೆಂದು ಖಾಲಿ ಮಾಡುವಾಗ ಅಟ್ಟದಲ್ಲಿ ಒಂದು ಭರಣಿ ಸಿಕ್ಕಿತು. ತೊಳೆದಿಟ್ಟದ್ದೇ. ಮುಚ್ಚಳ ತೆಗೆದರೆ ಮಾವಿನ ಮಿಡಿಯ ವಾಸನೆ ಇನ್ನೂ ಇತ್ತು. ಅದರ ಹಿಂದೆಯೇ ನನ್ನ ಹೆದರಿಕೆಗಳ ಈ ಪಟ್ಟಿಯೂ ಬಂತು, ಭಟ್ಟರೂ ಬಂದರು.

ಭಟ್ಟರು ನೌಪಾಡಾದ ಹೋಟೆಲೊಂದರಲ್ಲಿ ಅಡುಗೆಯವರು. ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬರೇ ಇದ್ದರು. ದೊಡ್ಡ ಹಂಡೆಯ ಸಾಂಬಾರಿಗೆ ಉಪ್ಪನ್ನು ಕೈಯಳತೆಯಲ್ಲೇ ಹಾಕುತ್ತಿದ್ದರು, ರುಚಿ ನೋಡುತ್ತಿರಲಿಲ್ಲ. ತಾವು ಮಾಡಿದ್ದನ್ನು ತಾವು ತಿನ್ನದೆ, ಭಾನುವಾರ ಮೂರು ಗಂಟೆಗೆ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು.

ಅಂಥ ಒಂದು ಭಾನುವಾರ ತಟ್ಟೆಯ ಮುಂದೆ ಕುಳಿತು ತಾವೇ ಹೇಳಿದರು. ಎಚ್‌ಐವಿ ಇದೆ, ವರ್ಷಗಳಿಂದ ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ, ರಕ್ತದಲ್ಲಿ ವೈರಸ್ ಈಗ ಕಾಣುವುದೂ ಇಲ್ಲವಂತೆ. ಆದರೆ ಹೃದಯ ಸೋತಿದೆ; ಈ ಕಾಯಿಲೆಯವರಿಗೆ ಅದರ ಅಪಾಯ ಹೆಚ್ಚಂತೆ. ಮೆಟ್ಟಿಲು ಹತ್ತಿದರೆ ದಮ್ಮು, ಮಲಗಿದರೆ ಉಸಿರು ಕಟ್ಟುತ್ತದೆ, ಕಾಲಿನಲ್ಲಿ ಬಾವು.

"ಹೋಟ್ಲಲ್ಲಿ ಹೇಳಿದೆ ಮಾರಾಯ್ರೆ. ನಾಳೆಯಿಂದ ಬರುದು ಬೇಡ ಅಂದ್ರು. ನಿಮ್ಮತ್ರ ಮುಚ್ಚಿಡುದು ಬೇಡ ಅಂತ..."

ಅವರು ಹೃದಯದ ಮಾತಾಡುತ್ತಿದ್ದರು. ನಾನು ಅವರ ಲೋಟ ನೋಡುತ್ತಿದ್ದೆ.

ಒಟ್ಟಿಗೆ ಉಂಡರೆ ವೈರಸ್ ಹರಡುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆದರುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮುಂದಿನ ಭಾನುವಾರ ಅವರು ನಮ್ಮಲ್ಲಿಗೆ ಹೊರಡುವ ಮೊದಲೇ ಊರಿಂದ ಬಂದ ಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದು ಕೆಳಗಿಳಿದೆ.

"ಹತ್ತಿಳಿಯುವ ಕಷ್ಟ ಯಾಕೆ ಭಟ್ರೆ? ಇಲ್ಲೇ ಗಂಜಿ ಮಾಡ್ಕೊಳ್ಳಿ, ಇದುಂಟಲ್ಲ. ಭರಣಿ ವಾಪಸ್ ಕೊಡುದು ಬೇಡ."

ಅವರು ಭರಣಿಯನ್ನು ನೋಡಿದರು, ನನ್ನನ್ನೂ. "ಅಕ್ಕ ಕೊಟ್ಟದ್ದಾ, ನೀವಾ?"

"ಇಬ್ರೂ," ಎಂದೆ. ಹೆಂಡತಿಗೆ ಗೊತ್ತೇ ಇರಲಿಲ್ಲ.

ತಿಂಗಳೊಳಗೆ ಭರಣಿ ನಮ್ಮ ಬಾಗಿಲಿಗೆ ಬಂತು. ಲಿಫ್ಟ್ ಕೆಟ್ಟಿತ್ತು, ಎರಡು ಕಡೆ ನಿಂತು, ಏದುಸಿರು ಬಿಡುತ್ತಾ ಹತ್ತಿ ಬಂದಿದ್ದರು. ಬಾತ ಕಾಲಿಗೆ ಚಪ್ಪಲಿ ಹಿಡಿಯದೆ ಬರಿಗಾಲಲ್ಲಿ. ಸೋಪಿನಲ್ಲಿ ತೊಳೆದು ಬಿಸಿಲಿಗಿಟ್ಟ ಭರಣಿ ಹೊಳೆಯುತ್ತಿತ್ತು. ನಾನು ಹೊಸ್ತಿಲಿಗೆ ಅಡ್ಡವಾಗಿ ನಿಂತೇ ಊಟ ಹೇಗೆ ನಡೆಯುತ್ತಿದೆ ಎಂದು ಕೇಳಿದೆ.

"ಡಾಕ್ಟ್ರು ಉಪ್ಪು ಬಿಡ್ಲಿಕ್ಕೆ ಹೇಳಿದ್ದಾರೆ. ಗಂಜಿಗೆ ಚಿಟಿಕೆ ಸಹ ಹಾಕುದಿಲ್ಲ. ನಿಮ್ಮ ಮಿಡಿ ಉಂಟಲ್ಲ, ಅದ್ರಲ್ಲೇ ಇಳಿತದೆ."

"ಒಳ್ಳೇದಾಯ್ತು," ಎಂದೆ. ಒಳಗೆ ಕರೆಯುವ ಪ್ರಸಂಗ ಬರಲಿಲ್ಲವಲ್ಲ ಎಂಬ ಸಮಾಧಾನ ನನಗೆ. ಇನ್ನೊಂದು ಭರಣಿ ತುಂಬಿಸಿ ಕೊಟ್ಟೆ.

ಮುಂದಿನ ವಾರ ಅವರ ಶ್ವಾಸಕೋಶದಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಉಪ್ಪು ಜಾಸ್ತಿ ತಿನ್ನುತ್ತಿದ್ದರೇ ಎಂದು ಕೇಳಿದರು, "ನಮಕ್ ಜ್ಯಾದಾ ಖಾತೇ ಥೇ ಕ್ಯಾ?"

"ಬಿಲ್ಕುಲ್ ನಹೀ," ಎಂದೆ, ಹೆಮ್ಮೆಯಿಂದ. ಚಿಟಿಕೆಯೂ ಹಾಕುತ್ತಿರಲಿಲ್ಲವಲ್ಲ. ಮೂರನೆಯ ದಿನ ಹೋದರು...

ಅವರು ವಾಪಸ್ ಕೊಟ್ಟ ಭರಣಿಯನ್ನು ಬಳಸಲೂ ಆಗದೆ, ಎಸೆಯಲೂ ಆಗದೆ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಅಟ್ಟಕ್ಕೇರಿಸಿದ್ದೆ. ಮೊನ್ನೆ ಹೆಂಡತಿ ಅದನ್ನು ಮೂಸಿ ನೋಡಿ ಕೇಳಿದಳು, "ಇದು ಆಗ ಕಾಣೆಯಾದ ನಮ್ಮ ಮಿಡಿ ಭರಣಿ ಅಲ್ವಾ? ಯಾರಿಗೆ ಕೊಟ್ಟಿದ್ರಿ?"

"ಭಟ್ರಿಗೆ."

"ಹಾರ್ಟಿನವರಿಗೆ ಉಪ್ಪಿನಕಾಯಿಯಾ!" ಎಂದವಳು ಭರಣಿಯನ್ನು ನಿಧಾನವಾಗಿ ಕೆಳಗಿಟ್ಟಳು.

ಸೊಳ್ಳೆಯಿಂದ ಏನೂ ಆಗಲಿಲ್ಲ. ಲೋಟದಿಂದಲೂ ಆಗಲಿಲ್ಲ. ಮಗಳ ಮದುವೆ ಚೆನ್ನಾಗಿಯೇ ನಡೆಯಿತು. ಮಿಡಿಯಲ್ಲಿ ಉಪ್ಪು ಇತ್ತು, ಅಷ್ಟೇ.