ಮೊದಲನೆಯ ಉತ್ತರ

ಅವರ ಬಲಗೈ ತೋರುಬೆರಳಿನ ತುದಿ ಹಳದಿಯಾಗಿತ್ತು. ಅರಿಸಿನದ ಹಳದಿಯಲ್ಲ, ನೈಟ್ರಿಕ್ ಆಮ್ಲ ತಗುಲಿದಾಗ ಚರ್ಮದ ಮೇಲೆ ಮೂಡುವ, ಎಷ್ಟು ಉಜ್ಜಿದರೂ ಹೋಗದ ಹಳದಿ. ಒಂದು ಕಲೆ ಮಾಸುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ನಮ್ಮನ್ನು ಕೈಗವಸಿಲ್ಲದೆ ಬಾಟಲಿ ಮುಟ್ಟಲು ಬಿಡದ ಅವರು ತಾವು ಮಾತ್ರ ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದರು. ಆ ಬೆರಳನ್ನು ನನ್ನ ನೋಟ್‌ಬುಕ್ಕಿನ ಯಾವುದಾದರೊಂದು ಅಂಕಿಯ ಮೇಲಿಟ್ಟು, ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿ ಕೇಳುತ್ತಿದ್ದರು: "ಖಾತ್ರಿ ಅದ ಏನು?"

ಪುಣೆ ಜಿಲ್ಲೆಯ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಗುಣಪರೀಕ್ಷೆಯ ಲ್ಯಾಬಿಗೆ ಅವರು ಮುಖ್ಯಸ್ಥೆ. ಎಲ್ಲರಂತೆ ನಾನೂ ಮೇಡಂ ಎನ್ನುತ್ತಿದ್ದೆ. ನಾನು ಪುಣೆ ಸ್ಟೇಶನ್ನಿನಲ್ಲಿ ಬೆಳಗಿನ ಲೋಕಲ್ ಹತ್ತಿದರೆ ಅವರು ಹಡಪಸರದಲ್ಲಿ ಹತ್ತುತ್ತಿದ್ದರು. ದೌಂಡದಲ್ಲಿ ಇಳಿದು ಇಬ್ಬರೂ ಕಂಪನಿಯ ಬಸ್ಸಿಗೆ ಕಾಯುತ್ತಿದ್ದೆವು. ವಿಜಯಪುರದಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಯಾವುದನ್ನೂ ಸುಮ್ಮನೆ ನಂಬುವ ಹೆಣ್ಣಲ್ಲ. ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಎರಡು ಸಲ ಓದುವರು. ಪೇರಲದ ಹಣ್ಣನ್ನು ಮೂಸಿ, ಮಾರುವವಳ ಮುಖ ನೋಡಿ, ಮತ್ತೆ ಮೂಸುವರು. ಕಾರ್ಖಾನೆಯ ಮುಖ್ಯ ಮ್ಯಾನೇಜರು ಅವರನ್ನು ಹೊಗಳಿದ ದಿನವಂತೂ ನನ್ನ ಕಡೆ ಬಾಗಿ ಹೇಳುತ್ತಿದ್ದರು: "ಇವಗ ಇವತ್ತ ಏನೋ ಬೇಕಾಗೇದ. ಸಂಜೀತನಕ ತಡಿ, ಗೊತ್ತಾಗ್ತದ."

ಸಂಜೆಯೊಳಗೆ ಗೊತ್ತಾಗಿಬಿಡುತ್ತಿತ್ತು ಕೂಡ.

ನಾನು ಅವರನ್ನು ನಂಬಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಸಂದರ್ಶನದ ದಿನದಿಂದಲೇ ನನಗೆ ಅವರ ಮೇಲೆ ಅನುಮಾನ. ಪುಣೆಯಲ್ಲೇ ಒಂದು ಕನ್ನಡದ ಮನೆಯಲ್ಲಿ ಹುಟ್ಟಿ, ಶಾಲೆಯಲ್ಲಿ ಪ್ರತಿವರ್ಷ ಮೊದಲ ಮೂವರಲ್ಲಿ ಒಬ್ಬಳಾಗಿ, ಪ್ರಗತಿಪತ್ರದಲ್ಲಿ ಪ್ರತಿವರ್ಷ 'ಶಾಂತ ಸ್ವಭಾವದ ಹುಡುಗಿ' ಎಂದು ಬರೆಸಿಕೊಂಡು ಬಂದವಳು ನಾನು. ಅದನ್ನು ಅವ್ವ ಬಹುಮಾನವೆಂಬಂತೆ ನೆಂಟರಿಗೆ ಓದಿ ಹೇಳುತ್ತಿದ್ದಳು. ನಾನು ಕೈ ಎತ್ತಿದರೆ ಮೊಣಕೈ ಡೆಸ್ಕಿನಿಂದ ಮೇಲೇಳುತ್ತಿರಲಿಲ್ಲ. ಉತ್ತರ ಗೊತ್ತಿರುತ್ತಿತ್ತು. ಆದರೆ ಗೊತ್ತಿದೆ ಎಂದು ಗೊತ್ತಾಗಲು ಬೇರೆ ಯಾರಾದರೂ ಅದೇ ಉತ್ತರ ಹೇಳಬೇಕಾಗಿತ್ತು.

ಸಂದರ್ಶನದಲ್ಲಿ ಮೇಡಂ ಒಂದು ಆಮ್ಲ-ಕ್ಷಾರದ ಟೈಟ್ರೇಶನ್ ಹೇಳಿ, ಬಣ್ಣದ ಯಾವ ಸೂಚಕ ಹಾಕುತ್ತೀ ಎಂದು ಕೇಳಿದರು. ಫಿನಾಲ್ಫ್ತಲೀನ್ ಎಂದೆ. ಹಳದಿ ಬೆರಳು ಮೇಜಿನ ಮೇಲೆ ನಿಂತಿತು. ಖಾತ್ರಿಯೇ ಎಂದರು. "ಇಲ್ಲ ಮೇಡಂ, ಮಿಥೈಲ್ ಆರೆಂಜ್ ಇರಬಹುದು" ಎಂದೆ. ಹೊರಗೆ ಬಂದು ನೀರು ಕುಡಿಯುವಾಗ, ಮೊದಲು ಹೇಳಿದ್ದೇ ಸರಿಯಾಗಿತ್ತೆಂದು ಹೊಳೆಯಿತು. ನನ್ನ ನಂತರ ಒಳಗೆ ಹೋದವನು ಸೋಲಾಪುರದ ಹುಡುಗ. ಅವನಿಗೂ ಅದೇ ಪ್ರಶ್ನೆ ಕೇಳಿದ್ದರಂತೆ. ಮಿಥೈಲ್ ಆರೆಂಜ್ ಎಂದನಂತೆ. ಖಾತ್ರಿಯೇ ಎಂದರೆ, "ನೂರಕ್ಕೆ ನೂರು" ಎಂದನಂತೆ. ಇಬ್ಬರನ್ನೂ ತೆಗೆದುಕೊಂಡರು. ಒಂದೇ ದಿನ ಕೆಲಸಕ್ಕೆ ಸೇರಿದೆವು.

ನನ್ನನ್ನು ಯಾಕೆ ತೆಗೆದುಕೊಂಡರು? ಹೇಳಿದಂತೆ ಕೇಳುವ ಒಬ್ಬಳು ಬೇಕಾಗಿರಬೇಕು ಎಂದುಕೊಂಡೆ. ಮುಂದೆ ಆದದ್ದೆಲ್ಲ ಆ ಅನುಮಾನಕ್ಕೆ ಪುರಾವೆಯಂತೆಯೇ ಕಂಡಿತು. ಒಂದು ಮೀಟಿಂಗಿನಲ್ಲಿ ನಾನು ಎದ್ದು, "ನಂದು ತಪ್ಪಿರಬಹುದು, ಆದರೂ..." ಎಂದು ಶುರುಮಾಡುತ್ತಿದ್ದಂತೆ ಮೇಡಂ ಕೈ ಅಡ್ಡ ಹಿಡಿದರು. "ತಪ್ಪಿದ್ದರೆ ಕೂತುಕೋ" ಎಂದರು, ಅದೂ ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವಂತೆ. ಹನ್ನೊಂದು ಜನ ಗಂಡಸರ ನಡುವೆ ಕುಳಿತುಕೊಂಡೆ. ಆಮೇಲೆ ಬಚ್ಚಲಿನಲ್ಲಿ ಅಳುತ್ತಿದ್ದಾಗ ಅವರು ಕೈ ತೊಳೆಯಲು ಬಂದರು. ತೊಳೆದರು, ಒರೆಸಿಕೊಂಡರು, ಹೋದರು. ಮರುದಿನ ರೈಲಿನಲ್ಲಿ ಕಿಟಕಿಯಾಚೆ ನೋಡುತ್ತಲೇ ಹೇಳಿದರು:

"ನಾ ನಿನ್ನ ಮಾರಿ ನೋಡಲಿಲ್ಲ, ಅವರ ಮಾರಿ ನೋಡಿದೆ. ತಪ್ಪಿರಬಹುದು ಅಂತ ನೀ ಅಂದ ಕೂಡಲೇ ನಾಕು ಮಂದಿ ಮೊಬೈಲ್ ತಗದ್ರು. ಯಾರೂ ಕೇಳದ ಮಾತ ಆಡಿ ಏನ್ ಮಾಡಾಕಿ?"

ಇದು ಬುದ್ಧಿಮಾತೋ, ಮಾಡಿದ ಅವಮಾನಕ್ಕೆ ಕೊಟ್ಟ ಸಮಜಾಯಿಷಿಯೋ ತಿಳಿಯಲಿಲ್ಲ. ಸಮಜಾಯಿಷಿಯೇ ಇರಬೇಕು ಎಂದುಕೊಂಡೆ.

ಮೂರನೇ ವರ್ಷ ಸೋಲಾಪುರದವನನ್ನು ಶಿಫ್ಟ್ ಮುಖ್ಯಸ್ಥನನ್ನಾಗಿ ಮಾಡಿದರು. ನನ್ನ ಹೆಸರೂ ಪಟ್ಟಿಯಲ್ಲಿತ್ತು ಎಂದು ಕೇಳಿದ್ದೆ. ಆಡಳಿತ ವಿಭಾಗದ ಗೆಳತಿಯೊಬ್ಬಳು ಕ್ಯಾಂಟೀನಿನಲ್ಲಿ ಪಿಸುಗುಟ್ಟಿದಳು: "ನಿಮ್ಮ ಮೇಡಂನೇ ನಿನ್ನ ವಿರುದ್ಧ ಬರೆದಿದ್ದಾರೆ. ಈಕೆಯನ್ನು ನಂಬಬಾರದು ಅಂತ. ನಾನೇ ನೋಡಿದೆ." ಎರಡು ವರ್ಷದ ಅನುಮಾನ ಒಂದೇ ಕ್ಷಣದಲ್ಲಿ ಗಟ್ಟಿಯಾಯಿತು. ಅಂಥ ಹೆಂಗಸರಿದ್ದಾರೆ ಎಂದು ಕೇಳಿದ್ದೆ. ತಾವು ಕಷ್ಟಪಟ್ಟು ಒಳಗೆ ಬಂದ ಮೇಲೆ ಬಾಗಿಲು ಹಾಕಿಕೊಳ್ಳುವವರು. ಯಾರಿಗೂ ಹೇಳದೆ ತಳೇಗಾಂವದ ಒಂದು ಕಾರ್ಖಾನೆಗೆ ಅರ್ಜಿ ಹಾಕಿದೆ. ರೈಲಿನಲ್ಲಿ ಬೇರೆ ಬೋಗಿ ಹತ್ತತೊಡಗಿದೆ. ಅವರು ಯಾಕೆಂದು ಕೇಳಲಿಲ್ಲ. ಕೇಳದಿರುವುದೂ ತಪ್ಪೊಪ್ಪಿಗೆಯಂತೆ ಕಂಡಿತು.

ಅದೇ ದಿನಗಳಲ್ಲಿ ಆ ಬ್ಯಾಚಿನ ಪ್ರಸಂಗ ನಡೆಯಿತು.

ಒಂದು ಪುಡಿಯ ಬ್ಯಾಚು ಹೊರಡಲು ಸಿದ್ಧವಾಗಿತ್ತು. ಅದನ್ನು ತುಂಬಿಕೊಳ್ಳಲು ಲಾರಿ ಗೇಟಿನಲ್ಲಿ ಬಂದು ನಿಂತಿತ್ತು. ತಯಾರಿಕೆಯಲ್ಲಿ ಬಳಸಿದ ದ್ರಾವಕದ ಅಂಶ ಪುಡಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸುವುದು ನಮ್ಮಲ್ಲಿಯ ಪದ್ಧತಿ. ಸೋಲಾಪುರದವನ ಅಂಕಿ ಮಿತಿಯೊಳಗಿತ್ತು. ನನ್ನದು ಮಿತಿ ದಾಟಿತ್ತು. ಮತ್ತೆ ಮಾಡಿದೆ, ಮತ್ತೆ ದಾಟಿತು. ಅಷ್ಟರಲ್ಲಿ ಉತ್ಪಾದನಾ ವಿಭಾಗದ ಮ್ಯಾನೇಜರು ಲ್ಯಾಬಿಗೇ ಬಂದು ಕೈಗಡಿಯಾರ ನೋಡಿಕೊಳ್ಳುತ್ತ ನಿಂತರು. ಮೇಡಂ ನನ್ನ ಅಂಕಿಯ ಮೇಲೆ ಬೆರಳಿಟ್ಟರು.

"ಖಾತ್ರಿ ಅದ ಏನು?"

ನಾನು ಅವರ ಮುಖದಲ್ಲಿ ಸೂಚನೆ ಹುಡುಕಿದೆ. ಏನೂ ಇರಲಿಲ್ಲ. ನನ್ನನ್ನು ಎಲ್ಲರೆದುರು ಇನ್ನೊಮ್ಮೆ ಬೀಳಿಸಲು ಮಾಡಿದ ಏರ್ಪಾಡು ಇದು ಎನಿಸಿತು. ಹೇಗೂ ಬಿಟ್ಟು ಹೋಗುವವಳು, ಬೀಳುವುದಿದ್ದರೆ ನಿಂತೇ ಬೀಳುತ್ತೇನೆ ಎಂಬ ಸಿಟ್ಟೂ ಬಂತು.

"ಅದ ರೀ."

"ಯಾವ ಆಧಾರದ ಮ್ಯಾಲೆ?"

"ಎರಡು ಸಲ ಮಾಡೀನ್ರಿ. ಹೊಸ ದ್ರಾವಣ ಮಾಡ್ಕೊಂಡ ಮಾಡೀನಿ. ಅವಂದು ಹಳೇದು. ಅವನ ಲೆಕ್ಕ ತಪ್ಪೇದ."

ಮೇಡಂ ಅದನ್ನೇ ಮರಾಠಿಯಲ್ಲಿ ಹೇಳಿದಾಗ ಮ್ಯಾನೇಜರು ನಕ್ಕರು. "ಮೇಡಂ, ಶಿಫ್ಟ್ ಮುಖ್ಯಸ್ಥ ಅವನು. ಇವಳ ಮಾತು ಕೇಳಿ ಲಾರಿ ನಿಲ್ಲಿಸುವುದೇ?" ಎಂದರು ಮರಾಠಿಯಲ್ಲಿ.

ಮೇಡಂ ಮ್ಯಾನೇಜರ ಕಡೆ ತಿರುಗಲೂ ಇಲ್ಲ. ಫೋನೆತ್ತಿ ಗೇಟಿಗೆ ಹೇಳಿದರು: "ಗಾಡಿ ಥಾಂಬವಾ," ಗಾಡಿ ನಿಲ್ಲಿಸಿ.

ಲಾರಿ ಗೇಟಿನಲ್ಲೇ ಉಳಿಯಿತು. ಮೇಡಂ ತಾವೇ ಗೋದಾಮಿಗೆ ಹೋಗಿ, ಡ್ರಮ್ಮುಗಳ ಮೇಲಿನಿಂದ, ನಡುವಿನಿಂದ, ತಳದಿಂದ ಪುಡಿ ತೆಗೆಸಿ ತಂದು ತಾವೇ ಪರೀಕ್ಷೆ ಮಾಡಿದರು. ಮಧ್ಯಾಹ್ನ ಮೂರಾಯಿತು. ಯಾರೂ ಊಟ ಮಾಡಿರಲಿಲ್ಲ. ಫಲಿತಾಂಶ ಬಂದಾಗ ನಾನು ಅರ್ಧ ಗೆದ್ದಿದ್ದೆ, ಅರ್ಧ ಸೋತಿದ್ದೆ. ಡ್ರಮ್ಮಿನ ತಳದ ಪುಡಿ ಸರಿಯಾಗಿ ಒಣಗಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಆ ಪುಡಿ, ನನ್ನ ಅಂಕಿ ನಿಜ. ಆದರೆ ಸೋಲಾಪುರದವನ ದ್ರಾವಣ ಚೆನ್ನಾಗಿಯೇ ಇತ್ತು. ಅವನಿಗೆ ಸಿಕ್ಕ ಪುಡಿ ಮೇಲ್ಭಾಗದ್ದು, ಒಣಗಿದ್ದು. ಅವನ ಲೆಕ್ಕವೂ ತಪ್ಪಿರಲಿಲ್ಲ.

ಬ್ಯಾಚು ಮತ್ತೆ ಒಣಗಲು ವಾಪಸು ಹೋಯಿತು. ಮೇಡಂ ನನ್ನ ನೋಟ್‌ಬುಕ್ ಮುಂದೆ ಸರಿಸಿದರು.

"ಬರಿ. ಫಲಿತಾಂಶ ಸರಿ, ಹೇಳಿದ ಕಾರಣ ತಪ್ಪು. ಸಹಿ ಮಾಡು. ಆಮ್ಯಾಲೆ ಅವನ ಹತ್ರ ಹೋಗಿ ತಪ್ಪಾತು ಅನ್ನು."

ಬರೆದೆ. ಸೋಲಾಪುರದವನು ನನ್ನ ಕ್ಷಮೆಯನ್ನು ಕೇಳಿಯೂ ಕೇಳದವನಂತೆ, "ಇರಲಿ ಬಿಡು, ಚಹಾ ಕುಡಿಯೋಣ ನಡಿ" ಎಂದ. ಅವನಿಗೆ ಅದು ಅಷ್ಟು ಸಣ್ಣ ಸಂಗತಿ! ತಪ್ಪಾಗುವುದೆಂದರೆ ಇಷ್ಟೇ ಎಂದು ಅವನಿಗೆ ಹುಟ್ಟಿನಿಂದಲೇ ತಿಳಿದಂತಿತ್ತು. ನನಗೆ ಯಾರೂ ಹೇಳಿರಲಿಲ್ಲ.

ವಾಪಸು ಬಂದಾಗ ಮೇಡಂ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದರು. ಒಣಗಿದ ಜೋಳದ ರೊಟ್ಟಿ ಮುರಿಯುತ್ತ, "ಅರ್ಧ ತಪ್ಪಿದಿ. ನೆಲ ಏನ್ ಬಾಯಿ ಬಿಡಲಿಲ್ಲಲ್ಲ?" ಎಂದರು.

ಆ ಸಂಜೆ ರೈಲಿನಲ್ಲಿ ಅವರ ಬೋಗಿಯನ್ನೇ ಹತ್ತಿ ಅವರ ಎದುರಿಗೇ ಕುಳಿತೆ. ಪಾಟಸ ಸ್ಟೇಶನ್ ದಾಟುವತನಕ ಮಾತು ಕೂಡಿಸಿಕೊಂಡು ಕೇಳಿಬಿಟ್ಟೆ: "ನನ್ನ ನಂಬಬಾರದು ಅಂತ ಬರದೀರೇನ್ರಿ?"

"ಬರದೀನಿ," ಎಂದರು, ರೆಪ್ಪೆ ಬಡಿಯದೆ. "ಆದ್ರ ಅದು ಅರ್ಧ ಮಾತು. ಪೂರಾ ಏನ್ ಬರದೀನಿ ಅಂತ ನಾ ಹೇಳಿದ್ರ ನೀ ನಂಬತೀ ಏನು?"

"ಇಲ್ಲ."

"ಶಾಣ್ಯಾಕಿ. ನಂಬಬ್ಯಾಡ. ನಾಳೆ ಹೋಗಿ ಫೈಲ್ ಕೇಳು. ನಿನ್ನ ಫೈಲ್ ಅದು."

ಆಡಳಿತ ವಿಭಾಗದ ಗುಮಾಸ್ತ ಮೊದಲು ಆಗುವುದಿಲ್ಲ ಎಂದ, ಆಮೇಲೆ ಸಾಹೇಬರಿಲ್ಲ ಎಂದ. ಮುಂಚಿನ ನಾನಾಗಿದ್ದರೆ ಅಷ್ಟಕ್ಕೇ ಮರಳಿಬಿಡುತ್ತಿದ್ದೆ. ಸಾಹೇಬರು ಬರುವತನಕ ಕುರ್ಚಿ ಎಳೆದುಕೊಂಡು ಕುಳಿತೆ. ಕೊನೆಗೆ ಆ ಕಾಗದ ಕೈಗೆ ಬಂತು. ಮೇಡಂ ಅವರ ಅಕ್ಷರ: 'ಈಕೆ ತನ್ನ ಬಗ್ಗೆ ಹೇಳಿಕೊಳ್ಳುವುದನ್ನು ನಂಬಬಾರದು. ಈಕೆಯ ನೋಟ್‌ಬುಕ್ ನೋಡಿ. ಇಷ್ಟು ಸ್ವಚ್ಛವಾದ ಕೆಲಸ ನನ್ನ ಲ್ಯಾಬಿನಲ್ಲಿ ಇನ್ನೊಬ್ಬರದಿಲ್ಲ. ಈ ಹುದ್ದೆ ಈಕೆಗೇ ಸಲ್ಲಬೇಕು.' ಇಂಗ್ಲಿಷಿನ ನಾಲ್ಕು ವಾಕ್ಯ. ಮೊದಲ ವಾಕ್ಯದ ಕೆಳಗೆ ಮಾತ್ರ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

ಆ ಗೆರೆಯನ್ನು ಬಹಳ ಹೊತ್ತು ನೋಡಿದೆ. ಎಳೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಆದರೆ ಅಲ್ಲಿಯವರೆಗೆ ಒಬ್ಬ ಹೆಂಗಸಿನ ಮೇಲಿದ್ದ ನನ್ನ ಅನುಮಾನ ಅಂದು ಎದ್ದು ಬೇರೆ ಕಡೆ ಹೋಯಿತು.

ಆದರೂ ಸುಮ್ಮನಾಗಲಿಲ್ಲ. ಲ್ಯಾಬಿಗೆ ಬಂದು ಹೇಳಿದೆ: "ನೀವು ಬರದದ್ದು ತಪ್ಪು ರೀ. ಅವರು ಮೊದಲನೇ ಸಾಲು ಓದಿ ಬಿಡ್ತಾರ ಅಂತ ನಿಮಗ ಗೊತ್ತಿರಬೇಕಿತ್ತು."

ಮೇಡಂ ಕನ್ನಡಕ ತೆಗೆದರು. ಎಲ್ಲವನ್ನೂ ಸಂಶಯದಿಂದ ನೋಡುವ ಆ ಹೆಂಗಸು, ಓದುವವರು ಪೂರ್ತಿ ಓದುತ್ತಾರೆ ಎಂಬ ಒಂದನ್ನು ಮಾತ್ರ ನಂಬಿಬಿಟ್ಟಿದ್ದರು. "ಹೌದು. ತಪ್ಪಾತು. ಭಾಳ ದೊಡ್ಡ ತಪ್ಪಾತು," ಎಂದರು. ತಾವಾಗಿಯೇ ಮಾತು ಮುಂದುವರಿಸಿದರು. "ಕಾಲೇಜಿನ್ಯಾಗ ನಮ್ಮ ಸರ್ ಒಬ್ರು ಹಿಂಗ ಖಾತ್ರಿ ಏನು ಅಂತ ಕೇಳ್ತಿದ್ರು. ನಾ ಪ್ರತಿ ಸಲ ಉತ್ತರ ಬದಲಸ್ತಿದ್ದೆ. ಹುಡುಗ್ರು ಬದಲಸ್ತಿರಲಿಲ್ಲ. ನನಗ ಬುದ್ಧಿ ಕಡಿಮಿ ಅಂತ ತಿಳಕೊಂಡು ಎಂ.ಎಸ್ಸಿ. ಅರ್ಜಿನ ಹಾಕಲಿಲ್ಲ. ಒಂದು ವರ್ಷ ಮನ್ಯಾಗ ಕೂತೆ. ಆಮ್ಯಾಲೆ ಹಳೇ ಪೇಪರ್ ತಗದು ನೋಡಿದ್ರ ನಾ ಮೊದಲು ಹೇಳಿದ್ದೆಲ್ಲಾ ಸರಿನೇ ಇತ್ತು."

"ಅಂದಮ್ಯಾಲೆ ನೀವೂ ಯಾಕ ಅದನ್ನ ಕೇಳ್ತೀರಿ?"

"ಬದಲಸ್ತಾರೋ ಇಲ್ಲೋ ನೋಡಾಕ. ಬದಲಸೂ ಹುಡುಗ್ಯಾರು ಭಾಳ. ಮಾರ್ಕ್ಸ್ ಮಾತ್ರ ನಾ ಮೊದಲನೇ ಉತ್ತರಕ್ಕ ಕೊಡ್ತೀನಿ. ನಿನಗೂ ಅದಕ್ಕ ಕೊಟ್ಟೀನಿ."

ತಳೇಗಾಂವದ ಕಾರ್ಖಾನೆಯಿಂದ ಬಂದ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಮುಂದಿನ ವರ್ಷ ಶಿಫ್ಟ್ ಮುಖ್ಯಸ್ಥರ ಇನ್ನೊಂದು ಹುದ್ದೆ ಖಾಲಿಯಾದಾಗ ಯಾರ ಶಿಫಾರಸಿಗೂ ಕಾಯದೆ ನಾನೇ ಹೋಗಿ ಕೇಳಿದೆ. ಸಿಕ್ಕಿತು. ಹಾಗೆಂದು ಮೇಡಂ ನನಗೆ ತಾಯಿಯಂತಾದರು ಎಂದರೆ ಸುಳ್ಳಾದೀತು. ನನ್ನ ಲೆಕ್ಕಗಳನ್ನು ಕೊನೆಯ ದಿನದವರೆಗೂ ಸಂಶಯದಿಂದಲೇ ನೋಡಿದರು. ಒಂದು ಹಬ್ಬಕ್ಕೂ ಮನೆಗೆ ಕರೆಯಲಿಲ್ಲ. ಅವರು ನನ್ನನ್ನು ಇಷ್ಟಪಟ್ಟಿದ್ದರೋ ಇಲ್ಲವೋ ಈಗಲೂ ಹೇಳಲಾರೆ.

ನಿವೃತ್ತಿಗೆ ಎಂಟು ತಿಂಗಳಿರುವಾಗ ಕಾಯಿಲೆ ಬಿದ್ದರು. ಪುಣೆಯ ಆಸ್ಪತ್ರೆಯಲ್ಲಿ ಎರಡು ಸಲ ನೋಡಿದೆ. ಎರಡನೆಯ ಸಲ ಗುರುತು ಹಿಡಿದರು, ಆದರೆ ಮಾತಾಡುವ ಶಕ್ತಿ ಇರಲಿಲ್ಲ. ಅದೇ ವಾರ ಹೋಗಿಬಿಟ್ಟರು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಶೋಕಸಭೆ ಇಟ್ಟರು. ವಿಜಯಪುರದಿಂದ ಅವರ ಅಕ್ಕ ಬಂದು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದರು. ಮುಖ್ಯ ಮ್ಯಾನೇಜರು ಮರಾಠಿಯಲ್ಲಿ ಮಾತಾಡಿದರು. ಮೇಡಂ ನಮ್ಮೆಲ್ಲರಿಗೂ ತಾಯಿಯಂತಿದ್ದರು, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ, ಸದಾ ನಗುಮೊಗ, ತುಂಬ ಮೃದು ಸ್ವಭಾವ ಎಂದರು. ನನಗೆ ತಡೆಯಲಾಗಲಿಲ್ಲ. ಯಾರೂ ಕರೆಯದೆ ಎದ್ದು ನಿಂತೆ.

"ಹಾಗಲ್ಲ ಸರ್," ಎಂದೆ ಮರಾಠಿಯಲ್ಲಿ. "ಅವರು ಮೃದುವಾಗಿರಲಿಲ್ಲ. ಈ ಕಾರ್ಖಾನೆಯ ಅತ್ಯುತ್ತಮ ಕೆಮಿಸ್ಟ್ ಅವರು. ನೀವು ಕಳಿಸಲು ಹೊರಟ ಕೆಟ್ಟ ಬ್ಯಾಚುಗಳನ್ನು ಜಗಳ ಮಾಡಿ ನಿಲ್ಲಿಸಿದವರು. ಅದನ್ನು ಹೇಳಿ."

ಮ್ಯಾನೇಜರು ಕೈಯಲ್ಲಿದ್ದ ಕಾಗದ ಮಡಚಿದರು. ಸೋಲಾಪುರದವನು ಹಿಂದಿನಿಂದ ಒಂದೇ ಸಲ, "ಖರಂ ಆಹೇ," ನಿಜ ಅದು, ಎಂದ. ಮರಾಠಿ ತಿಳಿಯದ, ಮೇಡಂ ಅವರ ಅಕ್ಕ ನನ್ನ ಸೆರಗು ಹಿಡಿದು ಜಗ್ಗಿದರು.

"ಏನಂದಿ ಯವ್ವಾ? ನಮ್ಮ ತಂಗೀಗೆ ಏನಂದಿ?"

ಅವರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳತೊಡಗಿದೆ. ಅವರು ತಲೆಯಾಡಿಸಿದರು. "ಕಿವಿ ಮಂದ ಆಗ್ಯಾವ. ಜೋರಾಗಿ ಹೇಳು."

ನೆಟ್ಟಗೆ ನಿಂತೆ. ಅಷ್ಟು ಜನರ ನಡುವೆ, ಅವರಾರಿಗೂ ತಿಳಿಯದ ನಮ್ಮ ಮಾತಿನಲ್ಲಿ, ಅದನ್ನೆಲ್ಲ ಇನ್ನೊಮ್ಮೆ, ಮೊದಲಿನಿಂದ ಹೇಳಿದೆ.